ದನಿ ಕೊಟ್ಟವಳು

"ಅಂಕಲಿ ಶೋಭಾ," ಎಂದು ಓದಿದ ಕುನಾಲ.

ರೂಪಾಲಿ ಸೀರೆಯ ಅಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಎರಡೂ ಕೈ ಅಗಲಿಸಿ ಮಡಿಕೆ ಕೂಡಿಸುತ್ತಿದ್ದಳು. ಗದ್ದ ಎತ್ತಿದರೆ ಸೀರೆ ಜಾರುತ್ತದೆ, ಮತ್ತೆ ಮೊದಲಿನಿಂದ. ಹಾಗಾಗಿ ಬಾಯಿ ಪೂರ್ತಿ ತೆರೆಯದೆ "ಅದಾನ್ರಿ" ಎಂದಳು. ಅಂದರೆ ಶೋಭಾಳ ಗಂಡ ಇದ್ದಾನೆ, ಬದುಕಿದ್ದಾನೆ. ಶೋಭಾಳ ಹೆಸರು ಕಂಪ್ಯೂಟರಿನಲ್ಲಿ ಇದ್ದಲ್ಲೇ ಇರಬಹುದು. ಬೆಳಿಗ್ಗೆ ಅಂಗಡಿಯ ಶಟರು ಎತ್ತಿದಾಗಿನಿಂದ ಇದೇ ನಡೆದಿತ್ತು. ಮಾಲಕ ಅಪ್ಪಾಸಾಬರ ಮಗ ಕುನಾಲ ಗಲ್ಲಾದ ಹಿಂದೆ ಕುಳಿತು ಊರಿನ ಹೆಸರು ಸೇರಿಸಿ ಗಿರಾಕಿಗಳ ಹೆಸರು ಓದುವುದು, ಅವಳು ನಿನ್ನೆ ಹರವಿ ಬಿಟ್ಟ ಸೀರೆಗಳನ್ನು ಮಡಿಸುತ್ತ ಅದಾನ, ಇಲ್ಲ, ಅದಾನ, ಅದಾನ ಅನ್ನುವುದು. ಇಲ್ಲ ಅಂದ ಕೂಡಲೇ ಅವನ ಬೆರಳು ಒಂದು ಗುಂಡಿ ಒತ್ತುತ್ತಿತ್ತು. ಅದರ ಸದ್ದು ಸಣ್ಣದು, ಉಗುರು ಕತ್ತರಿಸಿದಂತೆ. ರಥಸಪ್ತಮಿಗೆ ರಾಯಬಾಗದಲ್ಲಿ ಹೊಸ ಅಂಗಡಿ ಶುರುವಾಗುವುದಿತ್ತು. ಅಲ್ಲಿಯೂ ಹಳದಿ-ಕುಂಕುಮ ಇಟ್ಟು ಸುತ್ತಲಿನ ಹೆಂಗಸರನ್ನೆಲ್ಲ ಕರೆಯುವುದಿತ್ತು. ಹೋದ ಶುಕ್ರವಾರ ಚಿಕ್ಕೋಡಿಯ ಈ ಅಂಗಡಿಯಲ್ಲಿ ಆದದ್ದು ಅಲ್ಲಿ ಆಗಬಾರದು ಎಂದು ಕುನಾಲನ ತಾಯಿ ಖಡಕ್ಕಾಗಿ ಹೇಳಿದ್ದರಂತೆ.

"ಮನಿ ಮನಿ ಸುದ್ದಿ ನಿಮಗ ಗೊತ್ತಿರತೈತಿ ಅಕ್ಕಾ," ಎಂದಿದ್ದ ಕುನಾಲ ಬೆಳಿಗ್ಗೆ, ಚಹಾದ ಕಪ್ಪು ತಾನೇ ತಂದುಕೊಟ್ಟು. "ಯಾರು ಯಾವಾಗ ಏನ ತಗೊಂಡ್ರು, ಯಾವ ಬಣ್ಣ, ಮಗಳ ಲಗ್ನ ಯಾವಾಗ, ಎಲ್ಲಾ ಮಶೀನಿಗೆ ತಿಳೀತೈತಿ. ಇದೊಂದ ತಿಳಿಯಂಗಿಲ್ಲ ನೋಡ್ರಿ. ಯಾರ ಗಂಡ ಇಲ್ಲ, ಅವ್ರನ್ನಷ್ಟ ಹೇಳ್ರಿ. ಬಾಜೂಕ ಇಡತೀನಿ." ಕೆಟ್ಟ ಹುಡುಗನಲ್ಲ. ಚಡ್ಡಿ ಹಾಕಿಕೊಂಡು ಸೀರೆಯ ರಾಶಿಯ ಮೇಲೆ ಹಾರುತ್ತಿದ್ದಾಗ ಅವಳೇ ಎಷ್ಟೋ ಸಲ ಎತ್ತಿ ಕೆಳಗಿಳಿಸಿದ್ದಳು. ಈಗ ಅವನಿಗೆ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಕಾಳಿನಲ್ಲಿ ಹರಳು ಬಂದರೆ ಹರಳು ಆರಿಸಬೇಕು, ಅಷ್ಟೇ. ರೂಪಾಲಿಗೂ ಮೊದಮೊದಲು ಹಾಗೇ ಅನಿಸಿತ್ತು. ಕೈ ತನ್ನಷ್ಟಕ್ಕೆ ಮಡಿಸುತ್ತಿತ್ತು, ಬಾಯಿ ತನ್ನಷ್ಟಕ್ಕೆ ಹೇಳುತ್ತಿತ್ತು. ಆದರೆ ಒಂದೊಂದು 'ಇಲ್ಲ'ದ ಹಿಂದೆಯೂ ಒಂದೊಂದು ಮುಖ ಎದ್ದು ನಿಲ್ಲತೊಡಗಿತು. ಸೆರಗು ಕೈಯಲ್ಲಿ ಹಿಡಿದು ಬೆಳಕಿಗೆ ನೋಡುವವಳು, ಮೂಗಿಗೆ ಹಿಡಿದು ಗಂಜಿಯ ವಾಸನೆ ನೋಡುವವಳು, ಯಾವ ಸೀರೆ ತೋರಿಸಿದರೂ "ನಮ್ಮ ನಾದಿನಿಗೆ ಒಪ್ಪತೈತೇನೋ" ಎಂದು ತನಗೆ ಬೇಕಾದ್ದನ್ನು ಬದಿಗೆ ಸರಿಸುವವಳು. ಅವರ ಗಂಡಂದಿರ ಮುಖ ಮಾತ್ರ ಒಂದೂ ನೆನಪಿಗೆ ಬರಲಿಲ್ಲ. ಅವರು ಯಾವಾಗಲೂ ಹೊರಗೆ ಗಾಡಿಯ ಮೇಲೆ ಕುಳಿತೇ ಇರುತ್ತಿದ್ದರು.

ಗಿರಾಕಿಗಳಿಗೆ ಫೋನು ಹಚ್ಚುವ ಮಶೀನಿಗೆ ಅವಳು ದನಿ ಕೊಟ್ಟದ್ದು ದೀಪಾವಳಿ ಮುಗಿದ ಮೇಲೆ. ಅಂಗಡಿಯ ಮಾಳಿಗೆಯಲ್ಲಿ ಸೀರೆಯೊಳಗೆ ಉಡುವ ಪರಕಾರದ ಗಂಟುಗಳನ್ನು ಗೋಡೆಯಷ್ಟೆತ್ತರ ಒಟ್ಟಿಟ್ಟ ಕೋಣೆ ಇತ್ತು. ಅಲ್ಲಿ ಹೊರಗಿನ ಸಪ್ಪಳ ಬರುವುದಿಲ್ಲವೆಂದು ಕುನಾಲ ಅವಳನ್ನು ಒಂದು ಪ್ಲಾಸ್ಟಿಕ್ ಖುರ್ಚಿಯ ಮೇಲೆ ಕೂರಿಸಿ, ಮುಂದೆ ಕಪ್ಪು ಮೈಕು ಇಟ್ಟು, ಹಾಳೆ ಕೊಟ್ಟು ಓದಿಸಿದ. ಕನ್ನಡದ್ದು ಕೆಲವು, ಮರಾಠಿಯದು ಕೆಲವು. ಅರ್ಥವಿಲ್ಲದ ವಾಕ್ಯಗಳು. ಆಮೇಲೆ ಹಾಳೆ ತೆಗೆದಿಟ್ಟು, "ಗಿರಾಕಿ ಬಂದಾಗ ಹೆಂಗ ಅಂತೀರಿ, ಹಂಗ ಅನ್ರಿ ಅಕ್ಕಾ. ಅಯ್ಯ ಬರ್ರಿ ಬರ್ರಿ ಅಂತೀರಲ್ಲ, ಅದು. ಹೌದನ್ರಿ ಅಂತೀರಲ್ಲ, ಅದು. ಈಗ ನಗ್ರಿ" ಎಂದ. ಪರಕಾರದ ಗಂಟುಗಳನ್ನು ನೋಡುತ್ತ ಅವಳು ನಕ್ಕಳು. "ಇನ್ನೊಮ್ಮೆ, ಸ್ವಲ್ಪ ಸಣ್ಣಕ." ಸಣ್ಣಗೆ ನಕ್ಕಳು. ಅಂದು ಇಳಿಸಂಜೆ ಮನೆಗೆ ನಡೆಯುವಾಗ ಮೈ ಹಗುರಾಗಿತ್ತು. ಅದುವರೆಗೆ ಅವಳ ದನಿಯನ್ನು ಯಾರೂ ಕೇಳಿ ಪಡೆದಿರಲಿಲ್ಲ. ಗಂಡ ಭರತ ಮನೆಯಲ್ಲಿದ್ದ ದಿನಗಳಲ್ಲಿ "ಓಣಿ ತುದಿ ಮಟ ಕೇಳತೈತಿ ನಿನ್ನ ಬಾಯಿ" ಎನ್ನುವುದಿತ್ತು. ಆ ಬಾಯಿಯೇ ಈಗ ಒಂದೇ ಹೊತ್ತಿಗೆ ನಿಪ್ಪಾಣಿಯ ಮನೆಗಳಲ್ಲಿ ಮರಾಠಿ, ಅಥಣಿಯ ಮನೆಗಳಲ್ಲಿ ಕನ್ನಡ ಆಡುತ್ತದೆ, ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತದೆ, ದಣಿಯುವುದಿಲ್ಲ. ಮೊದಲ ಸಲ ಅದು ಅವಳ ಫೋನಿಗೇ ಬಂದಿತ್ತು. "ರೂಪಾಲಿ ಅಕ್ಕಾ, ನಾ ರೂಪಾಲಿ ಮಾತಾಡಾಕತ್ತೀನಿ. ಆರಾಮ ಅದೀರಿಲ್ಲ?" ಕೈಯಲ್ಲಿ ರೊಟ್ಟಿಯ ಹಿಟ್ಟಿತ್ತು. ಆರಾಮ ಅದೀನಿ ಅನ್ನಬೇಕೋ ಬೇಡವೋ ತಿಳಿಯದೆ ಸುಮ್ಮನೆ ನಿಂತಳು. ಅದು ಸ್ವಲ್ಪ ಕಾಯಿತು. ಆಮೇಲೆ ನಕ್ಕಿತು, ಸಣ್ಣಗೆ, ಎರಡನೆಯ ಸಲ ನಕ್ಕ ಹಾಗೆ.

ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ ಹೆಂಗಸರು ತಡೆದು ನಿಲ್ಲಿಸುತ್ತಿದ್ದರು. "ಏನ ಬೇ ರೂಪಾಲಿ, ಮುಂಜಾನೆದ್ದ ಫೋನ್ ಹಚ್ಚಿದ್ದೆಲ್ಲ, ನಿನಗ ಬ್ಯಾರೆ ಕೆಲಸಿಲ್ಲನ?" "ನನ್ನ ಮಗಳ ಹೆಸರ ಸೈತ ನೆನಪಿಟ್ಟೀಯಲ್ಲವಾ ತಾಯಿ." ಮೊದಮೊದಲು ಅವಳು ಬಿಡಿಸಿ ಹೇಳುತ್ತಿದ್ದಳು: ಅದು ಕಂಪ್ಯೂಟರು, ದನಿ ಅಷ್ಟೇ ನನ್ನದು. ಅವರು ಹೌದಾ ಅನ್ನುತ್ತಿದ್ದರು, ಮುಖ ಸ್ವಲ್ಪ ಇಳಿಯುತ್ತಿತ್ತು. ಆ ಇಳಿದ ಮುಖ ನೋಡಲಾಗದೆ, ಇಲ್ಲವೇ ಹೇಳಿ ಹೇಳಿ ಬೇಸತ್ತು, ಅವಳು ಕ್ರಮೇಣ "ಹ್ಞೂಂ, ಹಚ್ಚಿದ್ದೆ" ಎನ್ನತೊಡಗಿದಳು. ಯಾರ ಬಾಣಂತನಕ್ಕೆ ಏನು ಕೇಳಿತು, ಯಾರ ಮಗನ ಪರೀಕ್ಷೆಗೆ ಏನು ಹಾರೈಸಿತು, ಅವಳಿಗೇನು ಗೊತ್ತು? ಆದರೆ ಬಂದ ಪ್ರೀತಿಯನ್ನು ಕೈಚಾಚಿ ತೆಗೆದುಕೊಂಡಳು. ಒಬ್ಬಳು ಅವಳಿಗೆಂದೇ ಹೊಸ ಬೆಲ್ಲದ ಉಂಡೆ ತಂದುಕೊಟ್ಟಿದ್ದಳು. ತಿಂದಿದ್ದಳು ಅದನ್ನೂ.

"ಅಕ್ಕಾ?" ಎಂದ ಕುನಾಲ. "ಅಂಕಲಿ ಸರೋಜಿನಿ."

"ಇಲ್ರಿ."

ಮತ್ತೆ ಆ ಉಗುರಿನ ಸದ್ದು.

ಶುಕ್ರವಾರ ಸಂಕ್ರಾಂತಿಯ ಹಳದಿ-ಕುಂಕುಮಕ್ಕೆ ಅಂಗಡಿಯ ಗಾದಿಗಳನ್ನು ಎತ್ತಿ ಜಮಖಾನೆ ಹಾಸಿದ್ದರು. ಹೆಂಗಸರು ಸಾಲಾಗಿ ಕೂತಿದ್ದರು. ಕೌಂಟರಿನ ಹುಡುಗಿ ಕೋಮಲ ಹೊಸ ಸೀರೆ ಉಟ್ಟು ತಾಟು ಹಿಡಿದು, ಒಬ್ಬೊಬ್ಬರ ಗಲ್ಲಕ್ಕೆ ಅರಿಶಿಣ, ಹಣೆಗೆ ಕುಂಕುಮ ಹಚ್ಚಿ, ಕುಸುರೆಳ್ಳು ಹಾಕಿ, ವಾಣದ ಉಡುಗೊರೆಯೆಂದು ಒಂದೊಂದು ಸ್ಟೀಲಿನ ಬಟ್ಟಲು ಕೊಡುತ್ತ ಬರುತ್ತಿದ್ದಳು. ಕುನಾಲ ಫೋನಿನಲ್ಲಿ ವಿಡಿಯೋ ತೆಗೆಯುತ್ತಿದ್ದ. ಕರೋಶಿಯ ತುಳಸವ್ವ ಬಂದದ್ದು ಅಷ್ಟರಲ್ಲಿ. ಹೊಲದ ಕೆಲಸಕ್ಕೆ ಹೋಗುವ ಹೆಂಗಸು. ವರ್ಷಕ್ಕೊಮ್ಮೆ ಬಂದು ರೂಪಾಲಿಯ ಕೈಯಿಂದಲೇ ಸೀರೆ ಒಯ್ಯುವವಳು. ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ ತಲೆ, ಪೆಟ್ಟಿಗೆಯಲ್ಲಿಟ್ಟು ತೆಗೆದ ಮಡಿಕೆಗಳು ಇನ್ನೂ ಕಾಣುವ ನೀಲಿ ಇಳಕಲ್ ಸೀರೆ, ಕೈಯಲ್ಲೊಂದು ಹಸಿ ಕಡಲೆಗಿಡದ ಸಿವುಡು. ಹಣೆ ಬರಿದಾಗಿತ್ತು. ರೂಪಾಲಿಯನ್ನು ನೋಡಿ ಮುಖ ಅರಳಿತು. "ಬಂದೆ ನೋಡವಾ. ನೀ ಅಷ್ಟ ಬಾಯ್ತುಂಬ ಕರದಮ್ಯಾಗ ಬರಲಿಲ್ಲಂದ್ರ ಹೆಂಗ?" ಸಿವುಡನ್ನು ಅವಳ ಕೈಗಿತ್ತು, ಸಾಲಿನ ತುದಿಯಲ್ಲಿ ಜಾಗ ಮಾಡಿಕೊಂಡು, ಎಲ್ಲರ ಹಾಗೆ ಕಾಲು ಮಡಚಿ ಕೂತಳು. ಪಕ್ಕದವಳು ಸ್ವಲ್ಪ ಸರಿದಳು. ಜಾಗ ಕೊಡಲು ಸರಿದಂತೆಯೂ ಇತ್ತು ಅದು.

ತಾಟು ಬಂತು. ಕೋಮಲಳ ಬೆರಳು ಕುಂಕುಮದಲ್ಲಿ ಅದ್ದಿತು, ಎದ್ದಿತು, ಗಾಳಿಯಲ್ಲಿ ನಿಂತಿತು. ಹುಡುಗಿ ತಿರುಗಿ ಮಾಲಕರ ಹೆಂಡತಿಯ ಮುಖ ನೋಡಿದಳು. ಅವರು ಬಲು ಮೃದುವಾಗಿ, "ಅವ್ರಿಗೆ ಚಾ ತಂದ ಕೊಡ್ರಿ, ಪಾಪ, ದೂರದಿಂದ ಬಂದಾರ" ಎಂದರು. ಕೋಮಲಳ ಕಾಲು ತುಳಸವ್ವನನ್ನು ಬಳಸಿ ಮುಂದೆ ಹೋಯಿತು. ತುಳಸವ್ವ ಸಾಲಿನವರನ್ನು ನೋಡಲಿಲ್ಲ, ಮಾಲಕರ ಹೆಂಡತಿಯನ್ನೂ ನೋಡಲಿಲ್ಲ. ರೂಪಾಲಿಯನ್ನೇ ನೋಡಿದಳು. "ನಾ ನಿನಗ ಹೇಳಿದ್ನೆಲ್ಲವಾ," ಎಂದಳು, ತಪ್ಪು ತನ್ನದೇನೋ ಎಂಬ ದನಿಯಲ್ಲಿ. "ನಮ್ಮವರು ಹೋಗಿ ವರ್ಷಾತು, ನಾ ಬರೂದು ಸರಿ ಕಾಣಂಗಿಲ್ಲ ಅಂದೆ. ನೀ ಹೌದನ್ರಿ ಅಂದಿ. ಅಂದು, ನೀವು ಬಂದ್ರ ನಮಗ ಭಾಳ ಸಂತೋಷ ಅಕ್ಕಾ, ಬರ್ರಿ ಅಂದಿ. ಅದಕ್ಕ ಬಂದೆ."

ಎಲ್ಲರೂ ರೂಪಾಲಿಯತ್ತ ತಿರುಗಿದ್ದರು. ಒಂದು ಮಾತು ಸಾಕಿತ್ತು ಆಗ. ಹೌದು, ನಾನೇ ಕರೆದೆ. ಎಷ್ಟೋ ಹೆಂಗಸರಿಗೆ ಸಂತೆಯಲ್ಲಿ ಸುಳ್ಳೇ ಹೇಳಿದ್ದ ಮಾತು, ನಾಲಿಗೆಗೆ ರೂಢಿಯಾದದ್ದು. ಅದು ಬರಲಿಲ್ಲ. ಬಂದದ್ದು, "ಅದ ನಾ ಅಲ್ರಿ. ಮಶೀನ್ ಐತ್ರಿ ಅದು. ನಾ ಯಾರನ್ನೂ ಕರದಿಲ್ಲ." ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಮಶೀನ್ ಕೂಡ ಸುಖ ದುಕ್ಕ ಹೇಳ್ಕೊಂಡಾಳ ನೋಡ್ರೆ" ಎಂದಳು ಒಬ್ಬಳು, ಕೆಟ್ಟದ್ದೇನೂ ಇಲ್ಲದ ನಗುವಿನಿಂದ. ತುಳಸವ್ವನೂ ನಗಲು ನೋಡಿದಳು. "ಹೌದನವಾ. ನನಗ ತಿಳೀಲಿಲ್ಲ ನೋಡು. ನಿನ್ನ ಹೆಸರ ಹೇಳ್ತಲ್ಲ ಅದು." ಚಹಾ ಬಂತು. ಬೇಡವೆಂದರೆ ಸಿಟ್ಟು ಮಾಡಿದಂತಾಗುತ್ತದೆ ಎಂದೋ ಏನೋ, ಆ ಸಾಲಿನಲ್ಲೇ ಕೂತು, ಕಪ್ಪಿನಿಂದ ಬಸಿಗೆ ಸುರಿದುಕೊಂಡು, ಆರಿಸಿ ಆರಿಸಿ ಪೂರ್ತಿ ಕುಡಿದಳು. ಬಸಿ ಎಲ್ಲಿಡಲಿ ಎಂದು ಕೇಳಿದಳು. ಎದ್ದು ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಸಿಗದೆ ಬಹಳ ಹೊತ್ತು ಹುಡುಕಿದಳು. ರೂಪಾಲಿ ಒಳಗಿನಿಂದ ಅವಳ ಬಗ್ಗಿದ ಬೆನ್ನನ್ನು ನೋಡುತ್ತಿದ್ದಳು. ಆ ಚಪ್ಪಲಿ ಎಲ್ಲಿದೆ ಎಂದು ಅವಳಿಗೆ ಕಾಣುತ್ತಿತ್ತು, ಬೇರೆಯವರ ಚಪ್ಪಲಿಗಳಡಿ, ಬಾರು ಹೊರಗೆ ಚಾಚಿ. ಹೋಗಿ ತೋರಿಸಲಿಲ್ಲ.

ಅಂದು ಮನೆಯಲ್ಲಿ ಅತ್ತೆ ಕಸ್ತೂರೆವ್ವ ಕಡಲೆಗಿಡದ ಸಿವುಡು ಬಿಚ್ಚಿ ಕಾಯಿ ಬಿಡಿಸುತ್ತ ಕೂತಿದ್ದಳು. ಮಗ ಇಚಲಕರಂಜಿಯಲ್ಲಿ ಇನ್ನೊಬ್ಬಳ ಜೊತೆ ಮನೆ ಮಾಡಿದಾಗ ಕಸ್ತೂರೆವ್ವ ಅವನ ಹಿಂದೆ ಹೋಗದೆ ಸೊಸೆಯ ಹತ್ತಿರವೇ ಉಳಿದಿದ್ದಳು. ಯಾಕೆಂದು ಇಬ್ಬರೂ ಎಂದೂ ಮಾತಾಡಿರಲಿಲ್ಲ. ಅಂಗಡಿಯ ಸುದ್ದಿ ರೂಪಾಲಿಗಿಂತ ಮೊದಲೇ ಓಣಿಗೆ ಬಂದಿತ್ತು.

"ಆಕಿಗೆ ಚಾ ಕುಡಸಿದ್ರಂತ?"

"ಹ್ಞೂಂ."

"ಚಲೋ ಆತು. ನನಗೂ ಕುಡಸಿದ್ರು, ನಿಮ್ಮ ಮಾವ ತೀರ್ಕೊಂಡ ವರ್ಷ. ನಿಮ್ಮ ಚಿಗವ್ವನ ಮನ್ಯಾಗ." ಮುದುಕಿ ಒಂದು ಕಾಯಿ ಹಿಸುಕಿ ಕಾಳು ಬಾಯಿಗೆ ಹಾಕಿಕೊಂಡಳು. "ಹಾಲು ಜಾಸ್ತಿ ಹಾಕಿದ್ರು. ಅಷ್ಟ ಹಾಲಿನ ಚಾ ನಾ ಮುತ್ತೈದಿ ಇದ್ದಾಗ ಆ ಮನ್ಯಾಗ ಕಂಡಿದ್ದಿಲ್ಲ."

ರೂಪಾಲಿಗೆ ನಗು ಬಂತು, ಬಂದದ್ದು ಅರ್ಧಕ್ಕೆ ನಿಂತಿತು. "ನೀ ಏನಂದಿ ಆಕಿಗೆ?" ಎಂದು ಕೇಳಿದಳು ಕಸ್ತೂರೆವ್ವ, ಸಿವುಡಿನಿಂದ ಕಣ್ಣೆತ್ತದೆ. "ಏನೂ ಅನ್ಲಿಲ್ಲ" ಎಂದಳು ರೂಪಾಲಿ. ಮುದುಕಿ ಇನ್ನೊಂದು ಕಾಯಿ ಹಿಸುಕಿದಳು. ತಾನು ಅಂದದ್ದನ್ನೂ ಓಣಿಯವರು ಹೇಳಿರಬಹುದು. ಪ್ರತಿ ಸಂಕ್ರಾಂತಿಗೆ ಮನೆಗೆ ಹೆಂಗಸರು ಬರುವ ಹೊತ್ತಿಗೆ ಈ ಮುದುಕಿ ಯಾರೂ ಹೇಳದೆಯೇ ಎದ್ದು ಒಳಗಿನ ಕೋಣೆಗೆ ಹೋಗಿ, ಅಕ್ಕಿ ಕೇರುತ್ತ ಕೂಡುತ್ತಿದ್ದಳು. ಮೊರದ ಸದ್ದು ಪಡಸಾಲೆಗೆ ಕೇಳುತ್ತಿತ್ತು. ಅಷ್ಟು ವರ್ಷ ಆ ಸದ್ದು ಕೇಳುತ್ತಲೇ ಅವರಿವರ ಹಣೆಗೆ ಕುಂಕುಮ ಹಚ್ಚಿದ್ದಳಲ್ಲ ತಾನು. ಆ ಅಕ್ಕಿಯಲ್ಲಿ ಕೇರುವಂಥದ್ದು ಏನಿತ್ತು ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಅಂಕಲಿ ಮುಗೀತು," ಎಂದ ಕುನಾಲ. "ಈಗ ಚಿಕ್ಕೋಡಿ." ಅವನು ವೇಗವಾಗಿ ಓದತೊಡಗಿದ. ಮಡಿಸಿದ ಸೀರೆಗಳ ಅಟ್ಟಿ ಅವಳ ಸೊಂಟದೆತ್ತರ ಬಂದಿತ್ತು. ಅದಾನ, ಅದಾನ, ಇಲ್ಲ. ಹೊರಗೆ ಕಬ್ಬಿನ ಟ್ರಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಆಮೇಲೆ ಕುನಾಲ "ಚಿಕ್ಕೋಡಿ ರೂಪಾ..." ಎಂದು ಶುರು ಮಾಡಿ ನಿಂತ. ನಕ್ಕ. "ನಿಮ್ಮ ನಂಬರೂ ಇದರಾಗ ಐತಿ ನೋಡ್ರಿ. ಬಿಡ್ರಿ, ನಿಮ್ಮದು ಕೇಳೂದೇನೈತಿ." ಆದರೆ ಬೆರಳು ಮುಂದೆ ಹೋಗಲಿಲ್ಲ. ಅವನು ತಲೆ ಎತ್ತಲಿಲ್ಲ. "ಅಂದ್ರ... ಭರತಣ್ಣಾ ಅದಾರಲ್ಲ?"

ಅವಳು ಗದ್ದದಡಿಯ ಅಂಚನ್ನು ಇನ್ನಷ್ಟು ಒತ್ತಿದಳು. "ಅದಾನ."

ಇದ್ದಾನೆ, ಇಚಲಕರಂಜಿಯಲ್ಲಿ, ಮಗ್ಗದ ಕಾರಖಾನೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ. ನೋಡಿದವರು ಹೇಳುತ್ತಾರೆ. ಅವಳು ದಿನಾ ಮುಂಜಾನೆ ಕನ್ನಡಿಯ ಮುಂದೆ ನಿಂತು ಹಚ್ಚಿಕೊಳ್ಳುವ ಕುಂಕುಮ ಆ ಮನೆಯಲ್ಲಿ ಒಬ್ಬ ಮನುಷ್ಯ ಉಸಿರಾಡುತ್ತಿದ್ದಾನೆ ಎಂಬುದರ ಮೇಲೆ ನಿಂತಿದೆ. ನಾಳೆ ಅವನು ಸತ್ತರೆ ಯಾರೋ ಸುದ್ದಿ ತರುತ್ತಾರೆ. ಆ ಸುದ್ದಿ ಬಸ್ಸಿನಲ್ಲಿ ನಿಪ್ಪಾಣಿ ದಾಟಿ ಬರುವ ತನಕ ಅವಳು ಮುತ್ತೈದೆ, ಸಾಲಿನಲ್ಲಿ ಕೂರಬಹುದು. ಬಂದ ಗಳಿಗೆಯಿಂದ ಚಹಾ. ತುಳಸವ್ವನ ಗಂಡ ಒಂದು ಸಲ ಅಂಗಡಿಯ ಒಳಗೆ ಬಂದದ್ದು ಈಗ ನೆನಪಾಯಿತು. ಅವನೊಬ್ಬನೇ ಇರಬೇಕು ಒಳಗೆ ಬಂದ ಗಂಡಸು. ಕಾಲಿಗೆ ಮಣ್ಣಿದೆಯೆಂದು ಜಮಖಾನೆಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತು, ಹೆಂಡತಿ ಬೂದುಬಣ್ಣದ್ದನ್ನು ಕೈಗೆತ್ತಿಕೊಂಡಾಗ "ಆ ನೀಲಿದ ತಗೋಲೇ" ಎಂದಿದ್ದ. ಆ ನೀಲಿಯನ್ನೇ ಉಟ್ಟುಕೊಂಡು ಬಂದಿದ್ದಳು ಶುಕ್ರವಾರ.

ನಿಜವಾಗಿ ಅವಳನ್ನು ಚುಚ್ಚುತ್ತಿದ್ದುದು ಕೋಮಲಳ ನಿಂತ ಬೆರಳಲ್ಲ, ಮಾಲಕರ ಹೆಂಡತಿಯ ಮೃದು ಮಾತೂ ಅಲ್ಲ. ನಾಲ್ಕು ದಿನದಿಂದ ಮಡಿಸುವಾಗ, ರೊಟ್ಟಿ ಬಡಿಯುವಾಗ, ಅದರ ಸುತ್ತಲೇ ಸುತ್ತಿದ್ದಳು. ಕರೋಶಿಯ ಆ ಮನೆಯಲ್ಲಿ ಫೋನು ಕಿವಿಗೆ ಹಿಡಿದುಕೊಂಡು ಒಬ್ಬ ಹೆಂಗಸು, ರೂಪಾಲಿಗೆ ಎಲ್ಲ ತಿಳಿದೂ ತನ್ನನ್ನು ಕರೆದಳು ಎಂದು ನಂಬಿದ್ದಳು. ನಂಬಿ, ಪೆಟ್ಟಿಗೆ ತೆಗೆದು, ಸೀರೆ ಉಟ್ಟು, ಹೊಲದ ಬದುವಿನಿಂದ ಕಡಲೆಗಿಡ ಕಿತ್ತು, ಬಸ್ಸು ಹತ್ತಿದ್ದಳು. ಒಂದು ರಾತ್ರಿ, ಒಂದು ಮುಂಜಾನೆ, ತುಳಸವ್ವನ ಮನಸ್ಸಿನಲ್ಲಿ ಅಂಥ ಒಬ್ಬ ರೂಪಾಲಿ ಇದ್ದಳು. ಯಂತ್ರಕ್ಕೆ ಗೊತ್ತಿಲ್ಲದ್ದರಿಂದ ಅದು ಕರೆಯಿತು. ಗೊತ್ತಿದ್ದವಳು ಇಲ್ಲ ಅಂದಳು. ಈಗ ಗೊತ್ತಿದ್ದದ್ದನ್ನೆಲ್ಲ ಅದಕ್ಕೂ ಕಲಿಸುತ್ತಿದ್ದಾಳೆ, ಮುಂಜಾನೆಯಿಂದ, ಒಂದೊಂದೇ ಹೆಸರಾಗಿ.

"ಕರೋಶಿ," ಎಂದ ಕುನಾಲ. "ಅನಸೂಯಾ."

"ಅದಾನ್ರಿ."

"ಕರೋಶಿ ತುಳಸವ್ವ. ಇದಂತೂ ಗೊತ್ತೈತಿ ಬಿಡ್ರಿ." ಕೇಳದೆಯೇ ಒತ್ತಿದ. ಸದ್ದಾಯಿತು. "ಪಾಪ, ವಿಡಿಯೋದಾಗೂ ಬಂದಿದ್ಲು ಆಕಿ, ಆ ತುಂಡು ತಗದ ಹಾಕೀನಿ. ಚಂದ ಕಾಣಂಗಿಲ್ಲ. ಅಕ್ಕಾ, ನಿಮ್ಮ ದನಿ ಯಾಕ ಬಿದ್ದೈತಿ? ಸಂಜಿಮುಂದ ಮ್ಯಾಲ ಒಂದೀಟ ಹೊಸಾದು ಓದೂದೈತಿ, ರಾಯಬಾಗದ್ದು."

"ಓದ್ತೀನಿ, ತಗೋರಿ," ಎಂದಳು ರೂಪಾಲಿ. ಮಡಿಸಿದ ಸೀರೆಯನ್ನು ಅಟ್ಟಿಯ ಮೇಲಿಟ್ಟು ಅಂಗೈಯಿಂದ ಒತ್ತಿದಳು. ಇನ್ನೊಂದು ಸೀರೆ ಎತ್ತಿಕೊಳ್ಳಲಿಲ್ಲ. ಮೊಣಕಾಲು ನೋಯುತ್ತಿತ್ತು, ಆದರೂ ಕೂರಲಿಲ್ಲ.

"ಕೇರೂರ ಸುನಂದಾ."

ಸುನಂದಾಳ ಗಂಡ ಹೋಗಿ ಎರಡು ಮಳೆಗಾಲ ಕಳೆದಿದ್ದವು. ಅವನ ದಿನಕರ್ಮಕ್ಕೆ ನಾದಿನಿಯರಿಗೆ ಕೊಡುವ ಸೀರೆಗಳನ್ನು ಇದೇ ಕೌಂಟರಿನ ಮೇಲೆ ಹರವಿಸಿಕೊಂಡು, ಯಾವುದು ಯಾರಿಗೆಂದು ತಿಳಿಯದೆ ಅಳುತ್ತ ಕೂತಿದ್ದಳು. ರೂಪಾಲಿಯೇ ಆರಿಸಿ ಕಟ್ಟಿಕೊಟ್ಟಿದ್ದಳು. ಈಗ ಅವಳಿಗೆ ಬಾಯಿ ತೆರೆಯಲು ಏನೂ ಅಡ್ಡಿಯಿರಲಿಲ್ಲ. ಗದ್ದದಡಿ ಸೀರೆ ಇರಲಿಲ್ಲ.

"ಅದಾನ್ರಿ," ಎಂದಳು.

ಕುನಾಲನ ಬೆರಳು ಸುಮ್ಮನೆ ಮುಂದಿನ ಹೆಸರಿಗೆ ಸರಿಯಿತು. ಸದ್ದಾಗಲಿಲ್ಲ. ಇಷ್ಟೇ ಇತ್ತು ಅದು. ರಾಯಬಾಗದಲ್ಲಿ ಸುನಂದಾ ಬಂದು ಸಾಲಿನಲ್ಲಿ ಕೂರುತ್ತಾಳೆ, ಇನ್ನೂ ಕೆಲವರು ಬರುತ್ತಾರೆ. ಅಂದು ತಾಟು ಕೋಮಲಳ ಕೈಯಲ್ಲಿ ಇರುವುದಿಲ್ಲ, ತನ್ನ ಕೈಯಲ್ಲಿರುತ್ತದೆ. ಕುಂಕುಮ ಮೂಗಿನ ಮೇಲೆ ಉದುರಬಹುದು, ಒರೆಸಿದರಾಯಿತು. ಯಾರೋ ಎದ್ದು ಹೋಗಬಹುದು. ಮಾಲಕರ ಹೆಂಡತಿ ಮೃದುವಾಗಿ ಏನೋ ಅನ್ನಬಹುದು, ಮರುದಿನ ಅಪ್ಪಾಸಾಬರು ಕರೆದು ಮನೆಗೆ ಹೋಗು ಅನ್ನಬಹುದು. ಅದನ್ನೆಲ್ಲ ಯೋಚಿಸಿದಾಗ ಹೆದರಿಕೆಗಿಂತ ಹೆಚ್ಚಾಗಿ ದಣಿವಾಯಿತು, ಈ ದಣಿವು ಹೇಗೂ ಇದ್ದದ್ದೇ. ಮುಂಜಾನೆಯಿಂದ ತಾನೇ ಬಾಜೂಕ ಇಡಿಸಿದವರ ಹೆಸರುಗಳು ಅವಳಿಗೆ ನೆನಪಿದ್ದವು. ಅವರಿಗೆ ಫೋನು ಹೋಗುವುದಿಲ್ಲ. ಅವರ ಮನೆಗಳಿಗೆ ತಾನೇ ಹೋಗಬೇಕು. ಮೊದಲು ಕರೋಶಿಗೆ. ತುಳಸವ್ವ ಬಾಗಿಲು ತೆಗೆಯದಿದ್ದರೆ ಕಟ್ಟೆಯ ಮೇಲೆ ಕೂರುವುದು. ತೆಗೆದರೆ ಏನು ಹೇಳುವುದೆಂದು ಅವಳಿಗಿನ್ನೂ ಹೊಳೆದಿರಲಿಲ್ಲ.

"ಅಕ್ಕಾ, ಏನಾತ್ರಿ? ಚಾ ತರಸ್ಲಿ?" ಎಂದ ಕುನಾಲ.

"ಬ್ಯಾಡ," ಎಂದಳು ರೂಪಾಲಿ. "ಮುಂದಿನ ಹೆಸರ ಓದ್ರಿ."